ದಾರಿಯಲ್ಲಿ ಬೆಳೆದ ಹೊಳೆ

ಭರತ ಆ ಮಾತನ್ನು ಆಡಬಾರದಿತ್ತು. ಆಡಿದ್ದಾದರೂ ಎಲ್ಲಿ? ಮನೆತುಂಬ ಹೆಂಗಸರು ಮರುದಿನದ ವಾಸ್ತುಶಾಂತಿಯ ಹೋಳಿಗೆಗೆ ಬೇಳೆ ಆರಿಸುತ್ತ ಕೂತಿದ್ದ ಪಡಸಾಲೆಯಲ್ಲಿ.

"ನನ್ನ ಗಾಡಿ ಗಟ್ಟಿ ಐತಿ, ಖರೆ. ಆದ್ರ ತೂಗಾಡೂದಿಲ್ಲ. ತುಂಬಿದ ಕೊಡ ಇಟಗೊಂಡ ಕುಂಡರ್ರಿ, ಒಂದ ಹನಿ ಚೆಲ್ಲಿದ್ರ ನನ್ನ ಕೇಳ್ರಿ" ಎಂದುಬಿಟ್ಟ.

ಬೇಳೆ ಆರಿಸುವ ಕೈಗಳು ನಿಂತವು. ಎಲ್ಲರಿಗಿಂತ ಮೊದಲು ನಿಂತದ್ದು ಸೋದರತ್ತೆ ಸಕ್ಕುಬಾಯಿಯ ಕೈ.

ಆ ಕಾರನ್ನು ಭರತ ಕೊಲ್ಲಾಪುರದ ಡಾಕ್ಟರರೊಬ್ಬರಿಂದ ತಂದು ಮೂರು ತಿಂಗಳಾಗಿತ್ತು. ಕಪ್ಪು ಬಣ್ಣ, ನೆಲಕ್ಕೆ ತಾಗುವಷ್ಟು ತಗ್ಗು, ವಿದೇಶಿ ಕಂಪನಿಯದು. ನಿಪ್ಪಾಣಿಯ ಹೈವೇಯಲ್ಲಿ ಬಿಟ್ಟರೆ ಗೋಡೆಗೆ ಹಲ್ಲಿ ಕಚ್ಚಿಕೊಂಡಂತೆ ರಸ್ತೆಗೆ ಕಚ್ಚಿಕೊಂಡು ಓಡುತ್ತಿತ್ತು. ಆದರೆ ನಿಪ್ಪಾಣಿಯ ಹೈವೇ ಬೇರೆ, ಕಬ್ಬೂರಿನ ಹಾದಿ ಬೇರೆ. ಇಲ್ಲಿ ಒಂದೊಂದು ಕಲ್ಲಿನ ಸುದ್ದಿಯನ್ನೂ ಅದು ಕೂತವರ ಬೆನ್ನೆಲುಬಿಗೆ ನೇರವಾಗಿ ಮುಟ್ಟಿಸುತ್ತಿತ್ತು. ತಂದೆ ರಾವಸಾಹೇಬರು ಒಮ್ಮೆ ಅದರಲ್ಲಿ ಚಿಕ್ಕೋಡಿಗೆ ಹೋಗಿಬಂದವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಇಳಿದಿದ್ದರು. ಆಮೇಲೆ ಆ ಕಾರಿನ ಕಡೆ ತಿರುಗಿಯೂ ನೋಡಿರಲಿಲ್ಲ. ತೆಲಸಂಗದಿಂದ ಬಂದಿದ್ದ ಸಕ್ಕುಬಾಯಿಯಂತೂ "ನಮ್ಮ ಟ್ರ್ಯಾಕ್ಟರದಾಗ ಕುಂತರ ಇದಕ್ಕಿಂತ ಸುಖ ಐತಿ" ಎಂದು ಬಂದ ದಿನವೇ ಹೇಳಿಯಾಗಿತ್ತು.

ಪಕ್ಕದ ಮನೆಯ ಬಾಳಾಸಾಬನ ಹತ್ತಿರ ಎತ್ತರದ ದೊಡ್ಡ ಜೀಪಿತ್ತು. ಕೂತರೆ ಸೋಫಾದ ಮೇಲೆ ಕೂತಂತೆ. "ಹಂಪ್ ಬಂದದ್ದ ಗೊತ್ತಾಗೂದಿಲ್ಲ ನೋಡ ತಮ್ಮಾ" ಎಂದು ಅವನು ದಿನಕ್ಕೊಮ್ಮೆಯಾದರೂ ಭರತನಿಗೆ ಕೇಳಿಸುವಂತೆ ಹೇಳುತ್ತಿದ್ದ. ಗಟ್ಟಿ ಸ್ಪ್ರಿಂಗಿನ ಗಾಡಿ ತಿರುವಿನಲ್ಲಿ ವಾಲುವುದಿಲ್ಲ, ಬ್ರೇಕ್ ಹಾಕಿದರೆ ಮೂಗು ಮುಗ್ಗರಿಸುವುದಿಲ್ಲ ಎಂದು ಭರತ ಎಷ್ಟೋ ಸಲ ವಿವರಿಸಿದ್ದ. ಅಷ್ಟು ಜೋರಾಗಿ ತಿರುವು ತೆಗೆದುಕೊಳ್ಳುವ ಅವಸರ ಕಬ್ಬೂರಿನಲ್ಲಿ ಯಾರಿಗೂ ಬಂದಿರಲಿಲ್ಲವಾದ್ದರಿಂದ ಆ ವಾದ ಯಾರ ತಲೆಗೂ ಹತ್ತಿರಲಿಲ್ಲ.

ಒಂದು ಮಾತನ್ನು ನಗದೆ ಹೇಳಬೇಕು. ಭರತ ಆ ಕಾರನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ. ಅಪ್ಪ ಹೇಳಿದ ಕಬ್ಬು ಹಚ್ಚಿದ್ದ, ಅಪ್ಪ ಹೇಳಿದ ದ್ರಾಕ್ಷಿ ಹಚ್ಚಿದ್ದ, ಅಪ್ಪ ನೋಡಿದ ಹುಡುಗಿಯನ್ನು ಮದುವೆಯಾಗಿ ಸುಖವಾಗಿದ್ದ. ತಾನೇ ನೋಡಿ, ತಾನೇ ಮೆಚ್ಚಿ ತಂದದ್ದೆಂದರೆ ಈ ಜನ್ಮದಲ್ಲಿ ಅದೊಂದೇ.

"ಹಂಗಾರ ಚಲೋನ ಆತು" ಎಂದಳು ಸಕ್ಕುಬಾಯಿ. "ಸತ್ತಿ ನೀರ ಇವತ್ತ ಬಾಳಾಸಾಬನ ಜೀಪಿನ್ಯಾಗ ತರೂದಿತ್ತಲ್ಲ, ಭರ್ತ್ಯಾನ ಗಾಡ್ಯಾಗ ತರೂಣು. ಹನಿ ಚೆಲ್ಲೂದಿಲ್ಲಂತ."

ರಾವಸಾಹೇಬರ ಮನೆತನದ ಮೂಲ ಕೃಷ್ಣೆಯ ದಂಡೆಯ ಸತ್ತಿ. ಮನೆತನದಲ್ಲಿ ಯಾರು ಹೊಸ ಮನೆ ಕಟ್ಟಿದರೂ ಸತ್ತಿಯ ಹೊಳೆಯಿಂದ ಒಂದು ಕೊಡ ನೀರು ಬಾರದೆ ಹೊಸಿಲು ದಾಟುವಂತಿರಲಿಲ್ಲ. ಕೊಡವನ್ನು ಕಂಠದವರೆಗೆ ತುಂಬಬೇಕು. ಮುಚ್ಚಳ ಹಾಕಬಾರದು, ಬಾಯಿಗೆ ಐದು ವೀಳ್ಯದೆಲೆ ಒತ್ತಾಗಿ ಸಿಗಿಸಬೇಕು. ಮನೆಯ ಯಜಮಾನ ಹೊಸಿಲಲ್ಲಿ ನಿಂತು ತೆಗೆಯುವವರೆಗೆ ಆ ಎಲೆ ಅಲುಗಬಾರದು. ಕೊಡ ದಾರಿಯಲ್ಲಿ ನೆಲಕ್ಕೆ ತಾಗಬಾರದು. ಮನೆಯವರ ಮಡಿಲೇ ಅದಕ್ಕೆ ಜಾಗ.

ರಾವಸಾಹೇಬರು ಕಂಬಕ್ಕೊರಗಿ ಎಲ್ಲವನ್ನೂ ಕೇಳುತ್ತಿದ್ದರು. ಮೆಲ್ಲಗೆ ತೀರ್ಪು ಕೊಟ್ಟರು.

"ಕೊಡ ತುಂಬಿ ಬಂತಂದ್ರ ಗಾಡಿ ಅಂಗಳದಾಗ ಇರ್ಲಿ. ಕಡಿಮಿ ಬಂತಂದ್ರ ಆ ಗಾಡಿ ಹೋಗಬೇಕು, ಬಾಳಾಸಾಬಂದಂಥಾದ್ದ ಬರಬೇಕು. ಬಾಳಾಸಾಬಾ, ನೀನೂ ಹೋಗಪಾ, ಸಾಕ್ಷಿಗೆ."

ನೀರಿಗೆ ಹೊರಡಲೆಂದು ಬಂದಿದ್ದ ಬಾಳಾಸಾಬ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದ.

ಸತ್ತಿಯ ಹೊಳೆಯ ಪಾವಟಿಗೆಯ ಮೇಲೆ ಸಕ್ಕುಬಾಯಿ ತಾನೇ ನಿಂತು ಕೊಡ ತುಂಬಿಸಿದಳು. ಭರತನ ಹೆಂಡತಿ ಸೀಮಾ ಅದನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ಸಕ್ಕುಬಾಯಿ, ಮುಂದೆ ಬಾಳಾಸಾಬ. ಭರತ ದೇವರನ್ನು ನೆನೆದು ಆಕ್ಸಲರೇಟರಿನ ಮೇಲೆ ಕಾಲಿಟ್ಟ, ಇಟ್ಟದ್ದು ಕಾರಿಗೇ ಗೊತ್ತಾಗದಷ್ಟು ಹಗುರಾಗಿ.

ನೂರೈವತ್ತರ ಮೇಲೆ ಓಡಬಲ್ಲ ಆ ಕಾರು ಅಂದು ಕೃಷ್ಣೆಯ ದಂಡೆಯಲ್ಲಿ ಹೆಣದ ಮೆರವಣಿಗೆಯಂತೆ ಹೊರಟಿತು. ಸೈಕಲ್ಲಿನವರು ದಾಟಿ ಹೋದರು. ಎರಡು ಟ್ರೇಲರಿನ ತುಂಬ ಕಬ್ಬು ಹೇರಿಕೊಂಡಿದ್ದ ಟ್ರ್ಯಾಕ್ಟರ್ ಹಿಂದಿನಿಂದ ಹಾರ್ನ್ ಹೊಡೆದು ಹೊಡೆದು, ಕೊನೆಗೆ ಪಕ್ಕಕ್ಕೆ ಬಂತು. ಡ್ರೈವರ್ ಮೇಲಿನಿಂದ ಬಗ್ಗಿ, "ಏನ್ರಿ, ಪೆಟ್ರೋಲ್ ತೀರೇತೇನ್ರಿ? ಹಗ್ಗ ಹಾಕಿ ಜಗ್ಗಲ್ಯಾ?" ಎಂದು ನಿಜವಾದ ಕನಿಕರದಿಂದ ಕೇಳಿದ. ಭರತ ಕೈಸನ್ನೆಯಲ್ಲೇ ಅವನನ್ನು ಮುಂದೆ ಸಾಗಹಾಕಿದ.

ಮೊದಲನೆಯ ಹಂಪ್ ಬಂದಾಗ ಕಾರು ನಿಲ್ಲಿಸಿ, "ಸೀಮಾ, ಒಂಚೂರ ಇಳಿದ ನಡಕೋತ ದಾಟ" ಎಂದ.

"ಕುಂಡ್ರ ಬೇ ಸೀಮಾ" ಎಂದಳು ಸಕ್ಕುಬಾಯಿ. "ನೀರ ಗಾಡಿ ತಂತೋ ಸೊಸಿ ತಂದ್ಲೋ ಅಂತ ನಾಳೆ ಮಂದಿ ಕೇಳ್ತಾರ."

ಕಾರು ಹಂಪ್ ಹತ್ತಿತು, ಇಳಿಯಿತು. ಹಿಂದಿನಿಂದ 'ಚಳ್' ಎಂಬ ಸಣ್ಣ ಸಪ್ಪಳ ಬಂತು. ಭರತ ಬ್ರೇಕ್ ಒತ್ತಿ ಹಿಂದಿರುಗಿ ನೋಡಿದ.

"ಗಾಳಿ ಬಿಡಿಸ ತಮ್ಮಾ" ಎಂದ ಬಾಳಾಸಾಬ. "ಟಾಯರಿನ್ಯಾಗ ಗಾಳಿ ಕಡಿಮಿ ಆದ್ರ ಮೆತ್ತಗಾಕ್ಕೈತಿ."

ಹೊಳೆ ದಾಟಿದ ಮೇಲೆ ಒಂದು ಪಂಕ್ಚರ್ ಅಂಗಡಿ ಸಿಕ್ಕಿತು. ಸಕ್ಕುಬಾಯಿ ಕಾಲು ಝಾಡಿಸಲು ಇಳಿದು ಅತ್ತ ಹೋದಳು; ಸೀಮಾ ಕೊಡ ಹಿಡಿದು ಅಂಗಡಿಯ ಹಿಂದಿನ ಮನೆಯ ನೆರಳಲ್ಲಿ ನಿಂತಳು. ಅಂಗಡಿಯವನು ಗಾಳಿ ಬಿಟ್ಟು, ಕಾರನ್ನು ಮೇಲೆ ಕೆಳಗೆ ಒತ್ತಿ ನೋಡಿ, "ಈ ಸ್ಪ್ರಿಂಗ್ ಭಾರಕ್ಕ ಬಗ್ಗತಾವ್ರಿ, ಗಾಳಿಗಲ್ಲ. ಡಿಕ್ಕಿಯಾಗ ಏನರ ಒಟ್ಟರಿ" ಎಂದ.

ಬಾಳಾಸಾಬನ ಕಣ್ಣು ಮಿಂಚಿತು. ರಾಯಬಾಗದಲ್ಲಿ ಅವನು ದನಗಳಿಗಾಗಿ ಹೇಳಿಟ್ಟಿದ್ದ ಹಿಂಡಿಯ ಚೀಲಗಳು ಬಹಳ ದಿನಗಳಿಂದ ಬಾಡಿಗೆ ಗಾಡಿ ಕಾಯುತ್ತ ಬಿದ್ದಿದ್ದವು. ಪರೋಪಕಾರಕ್ಕೆ ತಡಮಾಡಬಾರದೆಂದು ಅವನು ಹಿಂಡಿಯ ಅಂಗಡಿಗೇ ದಾರಿ ತೋರಿಸಿದ. ಡಿಕ್ಕಿಯಲ್ಲಿ ಹಿಡಿಸುವಷ್ಟು ಹೇರಿದ ಮೇಲೆ ಕಾರು ಕುಂಡೆಯೂರಿ ಕೂತ ನಾಯಿಯ ಹಾಗೆ ಮುಖ ಮೇಲೆ ಮಾಡಿ ನಿಂತಿತು.

ಆದರೆ ಆಶ್ಚರ್ಯ! ಗಾಡಿ ನಿಜಕ್ಕೂ ಮೆತ್ತಗಾಯಿತು. ತಗ್ಗು ಬಂದರೆ ತೊಟ್ಟಿಲು ತೂಗಿದಂತೆ ಇಳಿದು ಏಳುತ್ತಿತ್ತು. ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಭರತ ಆಗ ಬಿಟ್ಟ. "ಅತ್ತಿ, ಈಗ ಹೆಂಗೈತಿ?" ಎಂದು ಕೇಳಿಯೂ ಬಿಟ್ಟ. ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಊರಿನ ಶಾಲೆಯೆದುರಿನ ಹಂಪ್ ಬಂತು.

ಮುಂದಿನ ಗಾಲಿಗಳು ದಾಟಿದವು. ಹಿಂದಿನ ಗಾಲಿ ದಾಟಲಿಲ್ಲ. ನಡುವಿನ ಹೊಟ್ಟೆ 'ಕರ್‍ರ್' ಎಂದು ಹಂಪಿನ ಮೇಲೆ ಕೂತುಬಿಟ್ಟಿತು. ಆ ಸಪ್ಪಳಕ್ಕೆ ಭರತ ತನ್ನ ಹೊಟ್ಟೆಯನ್ನೇ ಹಿಡಿದುಕೊಂಡ.

ಮಂದಿ ಕೂಡಿದರು. ಒಬ್ಬರು ಮುಂದೆ ಎಳೆಯಿರಿ ಎಂದರು, ಒಬ್ಬರು ಹಿಂದೆ ತಳ್ಳಿರಿ ಎಂದರು, ಒಬ್ಬ ಹಿರಿಯರು ಹಂಪನ್ನೇ ಒಡೆಯಿರಿ ಎಂದರು. ಭಾರ ಕಡಿಮೆಯಾಗಲೆಂದು ಸೀಮಾ ಇಳಿದಳು. ಸಕ್ಕುಬಾಯಿ ಮಾತ್ರ ಕೊಡವನ್ನು ತನ್ನ ಮಡಿಲಿಗೆಳೆದುಕೊಂಡು, "ನಾ ಇಳಿಯೂದಿಲ್ಲ. ಮೊದಲ ಆ ಹಿಂಡಿ ಇಳಸ್ರಿ" ಎಂದು ಬಾಗಿಲು ಹಾಕಿಕೊಂಡಳು. ಬಾಳಾಸಾಬ ಚೀಲ ಇಳಿಸಿ ಯಾವುದೋ ಟೆಂಪೋಗೆ ಹಾಕಿಸುವುದರಲ್ಲಿ ಮುಳುಗಿದ. ಭರತ ಕಾರಿನ ಕೆಳಗೆ ಅಂಗಾತ ಮಲಗಿ, ಹರಿದು ಜೋತುಬಿದ್ದ ತಗಡನ್ನು ನೋಡಿ ಕಣ್ಣೀರು ಹಾಕಿದ. ಕೊನೆಗೆ ಮಂದಿಯೆಲ್ಲ ಕೂಡಿ 'ಹೈಸಾ' ಎಂದು ತಳ್ಳಿದಾಗ ಕಾರು ಧಡಾರನೆ ಹಂಪಿನಿಂದ ಬಿದ್ದಿತು. ಒಳಗೆ ನೀರು ಮತ್ತೆ 'ಚಳ್' ಎಂದಿತು.

ಕಬ್ಬೂರಿನ ಹೊರಗೆ ನಳದ ಹತ್ತಿರ ಹೆಂಗಸರು ಇಳಿದರು. ಕೊಡದೊಂದಿಗೆ ಊರು ಹೊಗುವ ಮುನ್ನ ಮುಖ ತೊಳೆದು ಕುಂಕುಮ ಹಚ್ಚಿಕೊಳ್ಳಬೇಕಿತ್ತು. ಬಾಳಾಸಾಬ ದೂರ ನಿಂತು, ಹಂಪಿನ ಕತೆಯನ್ನು ಫೋನಿನಲ್ಲಿ ಊರಿಗೆ ಮುಂಗಡವಾಗಿ ಮುಟ್ಟಿಸುತ್ತಿದ್ದ. ಕೊಡ ಭರತನ ಮಡಿಲಲ್ಲಿತ್ತು.

ಎಲೆಗಳ ಸಂದಿಯಿಂದ ಇಣುಕಿದ. ಒಳಗೆ ಕತ್ತಲೆ. ಬೆಳಗಿನಿಂದ ಕೇಳಿದ ಒಂದೊಂದು 'ಚಳ್' ಕಿವಿಯಲ್ಲಿ ಕೂತಿತ್ತು. ಗೇಣುದ್ದವಾದರೂ ಇಳಿದಿರಬೇಕೆನಿಸಿತು. ಬಾಗಿಲ ಬದಿಯಲ್ಲಿ ಕುಡಿಯುವ ನೀರಿನ ಬಾಟಲಿಯಿತ್ತು. ಅಪ್ಪ ಬಿಸಿಲಲ್ಲಿ ನಿಂತು ಇಟ್ಟಿಗೆಗೆ ನೀರು ಹೊಡೆಸಿ ಕಟ್ಟಿದ ಮನೆ. ಅದಕ್ಕೆ ಹೋಗುವ ಹೊಳೆಗೆ ಬಾಟಲಿಯ ನೀರು ಬೆರೆಸುವುದು ಪಾಪವೆಂದು ಅವನಿಗೆ ಗೊತ್ತಿತ್ತು, ಅದಕ್ಕೆ ಸಂಕಟವೂ ಆಯಿತು. ಆದರೆ ಎದುರಿಗೆ ಸ್ಟೇರಿಂಗ್ ಕಾಣುತ್ತಿತ್ತು. ಬಾಳಾಸಾಬ ಈ ಕಡೆ ತಿರುಗುವಷ್ಟರಲ್ಲಿ ಬಾಟಲಿ ಖಾಲಿಯಾಗಿತ್ತು.

ಹೊಸ ಮನೆಯ ಮುಂದೆ ಊರೇ ನೆರೆದಿತ್ತು. ಸೀಮಾ ಕೊಡ ಹಿಡಿದು ಇಳಿದು ಹೆಜ್ಜೆಯಿಟ್ಟಳು. ಒಂದೊಂದು ಹೆಜ್ಜೆಗೂ ನೀರು ಎಲೆಗಳ ನಡುವಿನಿಂದ ಅವಳ ಕೈಮೇಲೆ ಹರಿಯಿತು.

"ಅಯ್ಯ, ತುಂಬಿ ತುಳಕಾಕತ್ತೈತಲ್ಲ!" ಎಂದರು ಹೆಂಗಸರು.

ಭರತನ ಎದೆ ಉಬ್ಬಿತು. ಬಾಳಾಸಾಬನ ಮುಖ ಇಳಿಯಿತು. ರಾವಸಾಹೇಬರು ಹೊಸಿಲಲ್ಲಿ ಕೈಮುಗಿದು, ಕೊಡ ಇಸಿದುಕೊಂಡು, ಎಲೆ ತೆಗೆದರು. ಒಳಗೆ ನೋಡಿದರು.

"ಅಕ್ಕಾ, ಸತ್ತ್ಯಾಗ ಎಲ್ಲೀಮಟಾ ತುಂಬಿದ್ರಿ?"

"ಕಂಠದಮಟಾ. ರೂಢಿ ಹಂಗ ಐತೆಲ್ಲಪಾ."

"ಈಗ ಬಾಯಿಮಟಾ ಐತಿ." ಅವರು ಕೊಡವನ್ನು ಅಕ್ಕನ ಕಡೆ ತಿರುಗಿಸಿ ತೋರಿಸಿದರು. "ಹೊಳಿ ದಾರಿಯಾಗ ಬೆಳದೈತಿ." ರಾವಸಾಹೇಬರು ನೀರಿನಲ್ಲಿ ಬೆರಳದ್ದಿದರು. "ಬೆಚ್ಚಗೂ ಆಗೈತಿ."

ಭರತ ಬೆಚ್ಚಿದ. ತನ್ನ ಬಾಟಲಿಯ ನೀರು ಬೆಚ್ಚಗಿರಲಿಲ್ಲ.

"ಹುಡುಗನ್ನ ಬೈಬ್ಯಾಡೋ" ಎಂದಳು ಸಕ್ಕುಬಾಯಿ, ತಲೆ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ. "ಹಂಪಿನ ಮ್ಯಾಲೆ ಕುಂತಾಗ ಇಂವನ ಮಾರಿ ನೋಡಾಕ ಆಗ್ಲಿಲ್ಲ ನನಗ. ಮೊಣಕಾಲಿಗಂತ ಥರ್ಮಾಸಿನ್ಯಾಗ ಬಿಸಿನೀರ ಒಯ್ದಿದ್ನಿ. ಎಲ್ಲಾ ಹಾಕಿಬಿಟ್ನಿ."

"ಅತ್ತಿ, ನೀವೂನ?" ಎಂದಳು ಸೀಮಾ, ಗಾಬರಿಯಲ್ಲಿ. ಎಂದ ಮೇಲೆ ಮುಚ್ಚಿಡುವುದು ಏನೂ ಉಳಿಯಲಿಲ್ಲ. "ನಾನೂ ಪಂಕ್ಚರ್ ಅಂಗಡಿ ಹಿಂದಿನ ಮನಿಯವ್ರ ಹರವಿ ನೀರ ಒಂದ ತಂಬಿಗಿ ಹಾಕಿದ್ನಿರಿ, ಮಾವಾ."

ಎಲ್ಲರೂ ಭರತನ ಕಡೆ ನೋಡಿದರು. ಅವನು ತಲೆ ತಗ್ಗಿಸಿ, "ಒಂದ ಬಾಟ್ಲಿ" ಎಂದ.

"ನನ್ನ ಸಾಕ್ಷಿಗಂತ ಕರಕೊಂಡ ಹೋಗಿ ಹಿಂಗ ಮಾಡೂದ?" ಎಂದು ಬಾಳಾಸಾಬ ಕೂಗಿದ. "ಹಂಗಾರ ನಾ ಏನ ನೋಡಿದ್ನಿ?"

"ನೀ ಹಿಂಡಿ ನೋಡಿದಿ" ಎಂದಳು ಸಕ್ಕುಬಾಯಿ.

ರಾವಸಾಹೇಬರು ನಗಲಿಲ್ಲ. "ಹಳೀ ಮನಿಗೆ ನಮ್ಮಪ್ಪ ಚಕ್ಕಡ್ಯಾಗ ನೀರ ತಂದಿದ್ದ. ನಾನೂ ಕುಂತಿದ್ನಿ. ಅರ್ಧಾ ಕೊಡ ಬಂದಿತ್ತ. ಚೆಲ್ಲಿದ್ದು ದಾರಿ ಪಾಲು, ಉಳದದ್ದ ನಮ್ಮ ಪಾಲು ಅಂದ್ರು ಹಿರ್ಯಾರು, ಯಾರೂ ಏನೂ ಕೇಳ್ಲಿಲ್ಲ. ತುಂಬಿ ಬರಬೇಕು ಅಂತ ನಾ ಅಂದದ್ದು ಯಾಕ? ಗಾಡ್ಯಾಗ ಹೆಣ್ಣಮಕ್ಕಳ ಅದಾರ, ಇಂವಾ ಸಾವಕಾಶ ಹೊಡೀಲಿ ಅಂತ. ಕಡಿಮಿ ಬಂದಿದ್ರ ಒಂದ ಮಾತ ಆಡ್ತಿದ್ದಿಲ್ಲ, ಗಾಡಿ ಇಲ್ಲೇ ಇರ್ತಿತ್ತ. ಕಡಿಮಿ ಬಂದದ್ದಕ್ಕ ಮಾಫಿ ಐತಿ. ಹೆಚ್ಚ ಬಂದದ್ದಕ್ಕ ನನ್ನ ಹಂತೇಕ ಮಾಫಿ ಇಲ್ಲ, ಗಾಡಿ ಹೋಗಬೇಕು."

ಆ ನೀರನ್ನು ತುಳಸಿಗೆ ಹಾಕಿದರು. ಮತ್ತೆ ಸತ್ತಿಗೆ ಹೋಗಲೇಬೇಕಿತ್ತು. ಈ ಸಲ ಬಾಳಾಸಾಬನ ಜೀಪಿನಲ್ಲಿ ಹೋದರು.

ಜೀಪು ಮೆತ್ತಗಿತ್ತು, ಸುಳ್ಳಲ್ಲ. ಹಂಪ್ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಆದರೆ ತಿರುವು ಬಂದದ್ದು ಎಲ್ಲರಿಗೂ ಗೊತ್ತಾಯಿತು. ಎಡಕ್ಕೆ ತಿರುಗಿದರೆ ಬಲಕ್ಕೆ ವಾಲಿತು, ಬಲಕ್ಕೆ ತಿರುಗಿದರೆ ಎಡಕ್ಕೆ ವಾಲಿತು, ಬ್ರೇಕ್ ಹಾಕಿದರೆ ಮುಂದಕ್ಕೆ ಮುಗ್ಗರಿಸಿತು. ಕೊಡದ ನೀರು ಒಮ್ಮೆ ಸೀಮಾಳ ಮೇಲೆ, ಒಮ್ಮೆ ಸಕ್ಕುಬಾಯಿಯ ಮೇಲೆ, ಒಮ್ಮೆ ಬಾಳಾಸಾಬನ ಹೊಸ ಸೀಟ್ ಕವರಿನ ಮೇಲೆ ಬಿತ್ತು. ಎರಡು ಕಡೆ ನಿಲ್ಲಿಸಿ ಸಕ್ಕುಬಾಯಿ ವಾಂತಿ ಮಾಡಿಕೊಂಡಳು. ದೀಪ ಹಚ್ಚುವ ಹೊತ್ತಿಗೆ ಕಬ್ಬೂರು ಮುಟ್ಟಿದಾಗ ಕೊಡದಲ್ಲಿ ಅರ್ಧದಷ್ಟೇ ನೀರಿತ್ತು.

ರಾವಸಾಹೇಬರು ಆ ಅರ್ಧ ಕೊಡವನ್ನು ಎರಡೂ ಕೈಯಿಂದ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಅವರ ಕಣ್ಣು ತುಂಬಿ ಬಂದಿತ್ತು.

ಭರತನಿಗೆ ಮಾತ್ರ ತಡೆಯಲಾಗಲಿಲ್ಲ. "ಅಪ್ಪಾ, ಮೆತ್ತನ್ನ ಗಾಡಿ ಅರ್ಧಾ ಕೊಡ ಚೆಲ್ಲೇತಿ. ನೀವ ನೋಡಾಕತ್ತೀರಿ. ನನ್ನ ಗಾಡಿ ಇಷ್ಟ ಚೆಲ್ಲಿದ್ದಿಲ್ಲ. ದೇವರಾಣಿ ಚೆಲ್ಲಿದ್ದಿಲ್ಲ!"

"ಹೌದಾ?" ಎಂದರು ರಾವಸಾಹೇಬರು, ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದ. "ಎಷ್ಟ ಚೆಲ್ಲಿತ್ತ?"

ಭರತ ಬಾಯಿ ತೆರೆದ. ಒಂದು ಥರ್ಮಾಸು, ಒಂದು ತಂಬಿಗೆ, ಒಂದು ಬಾಟಲಿ. ಹೆಂಡತಿಯ ಕಡೆ ನೋಡಿದ, ಅತ್ತೆಯ ಕಡೆ ನೋಡಿದ. ಬೊಗಸೆ ನೀರು ಚೆಲ್ಲಿತ್ತೋ, ಬರೀ ಹತ್ತು ಹನಿಯೋ, ಆ ಕಾರು ಮಾಡಿದ್ದೇನೆಂದು ಹೇಳಬಲ್ಲವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಅವನು ಜೇಬಿನಿಂದ ಕಾರಿನ ಕೀಲಿ ತೆಗೆದು ಅಪ್ಪನ ಒದ್ದೆ ಕೈಯಲ್ಲಿಟ್ಟ.