ಭುವನೇಶ್ವರಿಯ ಹೆಸರಿನ ಮುಂದಿನ ಕೆಂಪು ಬಾಣಕ್ಕೆ

ಶ್ರೀಮಾನ್ ಕೆಂಪು ಬಾಣದವರ ಸನ್ನಿಧಿಗೆ,
'ಕನಸಿನ ಹಾಕಿ' ಆ್ಯಪ್, ಎಳೆಯ ಆಟಗಾರರ ಪ್ರಗತಿ ವಿಭಾಗ,
ನನ್ನ ಮೊಬೈಲಿನ ಬಲ ಅಂಚು.

ಮಾನ್ಯರೇ,

ಸದಾ ತಲೆ ಕೆಳಗಾಗಿ ನಿಂತಿರುವ ತಮಗೆ ತಲೆ ಬಾಗಿ ನಮಸ್ಕಾರಗಳು. ಆಳಂದದ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿ ದುಡಿದು ನಿವೃತ್ತನಾದ ವಿಶ್ವಾರಾಧ್ಯನೆಂಬ ನಾನು, ತಾವು ಸಪರಿವಾರ, ಅಂದರೆ ಹಸಿರು ಬಾಣದವರು ಹಾಗೂ ಎತ್ತಲೂ ತಿರುಗದ ಹಳದಿ ಗೆರೆಯವರ ಸಮೇತ, ಕ್ಷೇಮವಾಗಿರುವಿರೆಂದು ನಂಬಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಗುಪ್ತವಾಗಿ ಬರೆಯುವ ಇಚ್ಛೆಯಿತ್ತು. ಆದರೆ ತಮ್ಮ 'ಸಹಾಯ' ಎಂಬ ಗುಂಡಿ ಒತ್ತಿದಾಗಲೆಲ್ಲ ಅದು 'ನಿಮಗೆ ಸಹಾಯವಾಯಿತೇ?' ಎಂದು ಕೇಳುತ್ತದೆಯೇ ಹೊರತು ಸಹಾಯ ಮಾಡುವ ಗೊಡವೆಗೆ ಹೋಗುವುದಿಲ್ಲ. ಇಂಥ ಪತ್ರವನ್ನು 'ಐ ಬೆಗ್ ಟು ಸ್ಟೇಟ್' ಎಂದು ಆರಂಭಿಸಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಮುಂದೆ ಏನನ್ನು ಸ್ಟೇಟ್ ಮಾಡಬೇಕೆಂದು ಕಲಿಸುವಷ್ಟರಲ್ಲಿ ನನಗೆ ನೌಕರಿ ಸಿಕ್ಕಿತು. ಆದಕಾರಣ ಉಳಿದದ್ದು ಕನ್ನಡದಲ್ಲಿದೆ.

ಹೆಂಡತಿ ಶಿವಗಂಗಾ ತೀರಿಕೊಂಡ ಮೇಲೆ ನಾನು ಮನೆಯ ಗೋಡೆಗೂ ಬಸ್ಸಿನ ವೇಳೆ ಹೇಳತೊಡಗಿದ್ದೇನೆಂದು ಮಗಳು ತನ್ನ ಮಾವನವರ ಮುಂದೆ ಹೇಳಿದ್ದರಿಂದ, ಜೇವರ್ಗಿಯ ಆ ನಮ್ಮ ಬೀಗರು, ಸೈದಪ್ಪನವರು, ಖುದ್ದಾಗಿ ಬಂದು ನನ್ನ ಮೊಬೈಲಿನಲ್ಲಿ ತಮ್ಮ ಈ ಆ್ಯಪನ್ನು ಪ್ರತಿಷ್ಠಾಪಿಸಿ ಹೋದರು. ಎಲ್ಲೋ ಮೈದಾನದಲ್ಲಿ ನಿಜವಾಗಿ ಹಾಕಿ ಆಡುವವರನ್ನು ಆರಿಸಿ ಇಲ್ಲಿ ನಮ್ಮದೊಂದು ತಂಡ ಕಟ್ಟುವುದು, ಅವರು ಅಲ್ಲಿ ಚೆನ್ನಾಗಿ ಆಡಿದರೆ ನಮಗೆ ಇಲ್ಲಿ ಅಂಕ ಬರುವುದು, ಇದು ಆಟ. ಇನ್ನೂ ಹೆಸರು ಮಾಡದ, ನಾಳೆ ಮಾಡಬಹುದಾದ ಎಳೆಯರಿಗೆ ಪ್ರಾಸ್ಪೆಕ್ಟ್ ಎನ್ನುತ್ತೀರಿ. ಅವರ ಹೆಸರಿನ ಮುಂದೆ ಶನಿವಾರಕ್ಕೊಮ್ಮೆ ಬಾಣ ಮೂಡುತ್ತದೆ; ಸಾಲಾಗಿ ಮೂರು ಶನಿವಾರ ತಮ್ಮ ದರ್ಶನವಾದರೆ ಆ ಆಟಗಾರರು ನಮ್ಮ ತಂಡದಿಂದ ಬಿಡುಗಡೆಯಾಗಿ, ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಸಾರ್ವಜನಿಕ ಆಸ್ತಿಯಾಗುತ್ತಾರೆ.

ನಮ್ಮ ಲೀಗಿನಲ್ಲಿ ಇರುವವರು ಇಬ್ಬರೇ, ನಾನು ಮತ್ತು ಬೀಗರು. ಅವರು ಗಂಡಿನ ಕಡೆಯವರು. ಅವರ ತಾಟಿಗೆ ತುಪ್ಪ ಕಡಿಮೆಯಾಗಬಾರದು, ಅವರ ಮಾತಿಗೆ ಎದುರಾಡಬಾರದು. ಎದುರಾಡಲು ಈ ಜನ್ಮದಲ್ಲಿ ನನಗೆ ಉಳಿದಿದ್ದ ಏಕೈಕ ಮೈದಾನ ತಮ್ಮದೇ ಎಂಬುದನ್ನು ದಯಮಾಡಿ ಗಮನಕ್ಕೆ ತಂದುಕೊಳ್ಳಬೇಕು.

ಆ ಮೈದಾನದಲ್ಲಿ ನನ್ನ ಬಲಗೈ ಎಂದರೆ ನಿಂಬರ್ಗಾದ ಭುವನೇಶ್ವರಿ, ಇಪ್ಪತ್ತು ವರ್ಷದ ಗೋಲ್‌ಕೀಪರ್. ನಮ್ಮ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಅದರ ಮೇಲೆ ಉರುಳುವ ಚೆಂಡು ಎತ್ತ ಸಿಡಿಯುವುದೆಂದು ಚೆಂಡಿಗೇ ಗೊತ್ತಿರುವುದಿಲ್ಲ. ಅಂಥ ನೆಲದಲ್ಲಿ ಚೆಂಡು ತಡೆಯಲು ಕಲಿತವಳಿಗೆ ನುಣ್ಣನೆಯ ಹಸಿರು ಹಾಸಿನ ಮೇಲೆ ನಿಲ್ಲುವುದೆಂದರೆ ಹೋಳಿಗೆ ಉಂಡಷ್ಟು ಸಲೀಸು. ಎಲ್ಲ ವಾರ ಹಸಿರು ಬಾಣವಿದ್ದ ಅವಳ ಹೆಸರಿನ ಮುಂದೆ ಒಂದು ಶನಿವಾರ ತಾವು ಪ್ರತ್ಯಕ್ಷರಾದಿರಿ. ಜೊತೆಗೆ ಒಂದು ಸಾಲು: ಪ್ರಗತಿ ಕುಂಠಿತವೆಂದು ಪರಿಗಣಿಸಲಾಗಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಪ್ಯಾಸಿವ್ ವಾಯ್ಸ್ ಎಂಬ ಹೆಸರಿದೆ, ಅಷ್ಟು ನೆನಪಿದೆ. ಕೆಲಸ ಆಗಿರುತ್ತದೆ, ಮಾಡಿದವರು ಮಾತ್ರ ಸಿಗುವುದಿಲ್ಲ. ಬಸ್ಸನ್ನು ರದ್ದುಗೊಳಿಸಲಾಗಿದೆ ಎಂದು ಮೂವತ್ತು ವರ್ಷ ಮೈಕಿನಲ್ಲಿ ಕೂಗಿದವನಾದ್ದರಿಂದ ತಮ್ಮ ಈ ಕಲೆಗೆ ನಾನು ಮನಸಾರೆ ತಲೆದೂಗಿದೆ.

ಕಾರಣ ತಿಳಿಯಬೇಕಲ್ಲ. ನಮ್ಮಲ್ಲಿ ಒಂದು ಹುಡುಗಿಯ ಗುಣಸ್ವಭಾವ ತಿಳಿಯಬೇಕಿದ್ದರೆ ಅವರ ಊರಿನ ಹಿಟ್ಟಿನ ಗಿರಣಿಯಲ್ಲಿ ವಿಚಾರಿಸುವುದು ಹಿಂದಿನಿಂದ ಬಂದ ರೂಢಿ. ಈ ಕೆಲಸದಲ್ಲಿ ಶಿವಗಂಗಾಳದು ಎತ್ತಿದ ಕೈ. ಮೊದಲು ಜೋಳದ ದರ ಕೇಳುವಳು, ಆಮೇಲೆ ಮಂಡಿನೋವಿನ ಎಣ್ಣೆ, ಆಮೇಲೆ ಯಾರದೋ ಎಮ್ಮೆ; ಎದುರಿನವರಿಗೆ ತಾವು ಏನು ಹೇಳಿದೆವೆಂದು ಗೊತ್ತಾಗುವ ಮೊದಲೇ ಇಡೀ ಮನೆತನ ಅವಳ ಸೆರಗಿನ ಗಂಟಿನಲ್ಲಿರುತ್ತಿತ್ತು. ನಾನೋ, ನಿಂಬರ್ಗಾದ ಗಿರಣಿಯ ಹುಸೇನಪೀರನಿಗೆ ನೇರವಾಗಿ ಫೋನು ಹಚ್ಚಿ, ಹುಡುಗಿ ನಸುಕಿನಲ್ಲಿ ಏಳುತ್ತಾಳೆಯೇ, ಕಣ್ಣು ಚುರುಕಾಗಿವೆಯೇ, ಸಿಟ್ಟು ಜಾಸ್ತಿಯೇ, ಮೊಣಕಾಲು ಗಟ್ಟಿ ಇವೆಯೇ ಎಂದು ಕೇಳಿಬಿಟ್ಟೆ. ಆತ ಎಲ್ಲಕ್ಕೂ ಹೌದೆಂದು, ಫೋನಿಟ್ಟು, ಹಿಟ್ಟು ಬೀಸಿಸಲು ಬಂದವರಿಗೆಲ್ಲ, "ಭುವನಿಗಿ ಆಳಂದದ ಕಡಿಂದ ಕೇಳಾಕತ್ತಾರ್ರಿ. ಮೊಣಕಾಲ ಕೇಳೋ ಬೀಗರನ್ನ ಮಾತ್ರ ಇದೇ ಮೊದಲ ನೋಡಿದ್ದು" ಎಂದು ಹಂಚಿದನಂತೆ.

ಈ ಸುದ್ದಿ ಭುವನೇಶ್ವರಿಯ ಅಜ್ಜಿ ನಿಂಬೆವ್ವನನ್ನು ಮುಟ್ಟಿದ್ದು, ಅವರು ಗೋಡೆಗೆ ಸುಣ್ಣ ಬಳಿಸಿದ್ದು, ಹುಡುಗಿ ಬಿಸಿಲಿಗೆ ಕಪ್ಪಾದಾಳೆಂದು ಪಂದ್ಯಕ್ಕೆ ಬಿಡದೆ ಮನೆಯಲ್ಲಿ ಕೂಡಿಸಿದ್ದು, ಇವೊಂದೂ ಆಗ ನನಗೆ ತಿಳಿಯದು. ಎರಡನೆಯ ಶನಿವಾರ ತಾವು ಮತ್ತೆ ಬಂದಿರಿ, ಮೊದಲಿಗಿಂತ ತುಸು ದಪ್ಪಗಾಗಿ. ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ; ಸೋಮವಾರ ನಿಂಬರ್ಗಾದ ಬಸ್ಸು ಹತ್ತಿದೆ.

ಆ ಮನೆಯಲ್ಲಿ ನನಗೆ ದೊರೆತ ಸತ್ಕಾರ ನನ್ನ ಸ್ವಂತ ಮದುವೆಯಲ್ಲೂ ದೊರೆತಿರಲಿಲ್ಲ. ಕೂರಲು ಜಮಖಾನೆ, ಒಗ್ಗರಣೆ ಮಂಡಕ್ಕಿಯ ಸುಸಲಾ, ಸಿಹಿಗೆ ಬೆಲ್ಲದ ಸಜ್ಜಕ, ಮೇಲೆ ಗಟ್ಟಿ ಹಾಲಿನ ಚಹಾ. ಹಾಕಿಯನ್ನು ಇಷ್ಟು ಪ್ರೀತಿಸುವ ಮನೆಯೂ ಇದೆಯಲ್ಲ ಎಂದು ನನ್ನ ಕಣ್ಣು ತುಂಬಿ ಬಂದವು. ನಿಂಬೆವ್ವನವರು ಎದುರು ಕುಳಿತು, "ಕಲಬುರಗ್ಯಾಗ ಅದೇನೋ ಆಯ್ಕಿ ಶಿಬಿರ ಅದ ಅಂತ ಕುಣ್ಯಾಕತ್ತಿದ್ಳರಿ, ಇನ್ನ ಅದೆಲ್ಲ ಬ್ಯಾಡ ಅಂತ ಬಿಡ್ಸೇನಿ" ಎಂದಾಗ ನಾನು ಸಜ್ಜಕದ ತಾಟು ಕೆಳಗಿಟ್ಟೆ. ರಾಜ್ಯದ ಕಿರಿಯರ ತಂಡ ಆರಿಸುವ ಶಿಬಿರವದು, ಬರುವ ಶನಿವಾರ. ತಪ್ಪಿದರೆ ಮುಂದಿನ ವರ್ಷ ಅವಳ ವಯಸ್ಸು ಮೀರುತ್ತದೆ. ಅಷ್ಟರಲ್ಲಿ ಅವರು, "ಹುಡ್ಗ ಏನ್ ಮಾಡ್ತಾನ್ರಿ?" ಎಂದರು. ಯಾವ ಹುಡುಗನೆಂದು ಹೊಳೆಯದೆ, ಗಾಬರಿಯಲ್ಲಿ ನಾನು ಹೇಳಿದ್ದು ಇಷ್ಟು: "ಹುಡ್ಗ ಯಾರೂ ಇಲ್ರಿ ಅವ್ವಾ, ಆಕಿ ನನಗೇ ಬೇಕಾಗ್ಯಾಳ."

ಮುಂದಿನದನ್ನು ತಮ್ಮಂಥ ಗಣ್ಯರ ಮುಂದೆ ವಿವರಿಸಲು ಸಂಕೋಚವಾಗುತ್ತದೆ. "ನಿನ್ನ ಬಾಯಾಗ ಮಣ್ಣ ಹಾಕಲಿ ಮುದುಕಾ! ಮೊಮ್ಮಗಳಂಥಾಕಿನ್ನ ಕೇಳಾಕ ಬಂದು ಎರಡು ಸಲ ಸಜ್ಜಕ ಹಾಕ್ಸಿಕೊಂಡ್ಯಲ್ಲೋ!" ಎಂದು ಅವರು ಕಸಬರಿಗೆ ಹುಡುಕತೊಡಗಿದಾಗ ನಾನು ಗುರಾಣಿಯಂತೆ ಮೊಬೈಲನ್ನು ಮುಂದೆ ಹಿಡಿದು, ಲೀಗು, ಬೀಗರು, ಪ್ರಾಸ್ಪೆಕ್ಟು ಎಂದು ಉಸಿರಿರುವಷ್ಟು ಅರುಹಿದೆ. ಒಳಗಿನಿಂದ ಇಣುಕಿದ ಭುವನೇಶ್ವರಿ ನಗು ತಡೆಯಲಾರದೆ ಬಾಗಿಲ ಚೌಕಟ್ಟಿಗೆ ಜೋತುಬಿದ್ದಿದ್ದಳು. ಮೊದಲ ಶನಿವಾರ ಯಾಕಮ್ಮ ಕೆಂಪಾಯಿತೆಂದು ಕೇಳಿದರೆ, "ಅಜ್ಜಾ, ನಮ್ಮವರು ಚೆಂಡು ನನ್ನ ತನಾ ಬರಾಕ ಬಿಡ್ಲೇ ಇಲ್ಲ. ಬರ್ಲಾರದ ಚೆಂಡು ನಾ ಹ್ಯಾಂಗ ತಡೀಲಿ?" ಎಂದಳು. ಅಂದರೆ, ಗೋಲ್‌ಕೀಪರ್ ಚೆಂಡು ತಡೆದ ಲೆಕ್ಕ ಮಾತ್ರ ತಮಗೆ ಗೊತ್ತು. ಚೆಂಡೇ ಬಾರದಿದ್ದರೆ ಅದು ಅವಳ ಅವನತಿ. ಕಳ್ಳತನವೇ ಆಗದ ಊರಿನ ಕಾವಲುಗಾರನನ್ನು ಕೆಲಸದಿಂದ ತೆಗೆಯುವ ಈ ನ್ಯಾಯಕ್ಕೆ ನನ್ನ ಹೃತ್ಪೂರ್ವಕ ಅಭಿನಂದನೆಗಳು.

ನಿಂಬೆವ್ವನವರು ಮಾತ್ರ ನನ್ನ ಮೊಬೈಲಿನ ಮೇಲೆ ಬಗ್ಗಿ ಕೆಂಪು ಬಾಣದವರಾದ ತಮ್ಮನ್ನೇ ದಿಟ್ಟಿಸುತ್ತಿದ್ದರು. ಅವರಿಗೆ ಓದು ಬಾರದು. ಬಣ್ಣ ತಿಳಿಯುತ್ತದೆ, ದಿಕ್ಕು ತಿಳಿಯುತ್ತದೆ. "ನಮ್ಮ ಹುಡುಗಿ ಹೆಸರಿನ ಮುಂದ ಕೆಳಗ ಬೊಟ್ಟ ಮಾಡಿ ತೋರ್ಸಾಕತ್ತಾನಲ್ಲ, ಇಂವ ಯಾರು? ನಾ ಒಬ್ಬಾಕಿ ಬೈದ್ರ ಬೈತೇನಿ. ಇಂವಗೇನ ಹಕ್ಕದ?" ಎಂದವರೇ ಒಳಗೆ ಹೋಗಿ, ಅಟ್ಟದ ಮೇಲೆ ಹಾಕಿದ್ದ ಕಾಲಿನ ಪ್ಯಾಡುಗಳನ್ನು ತಾವೇ ಇಳಿಸಿ ತಂದು ಮೊಮ್ಮಗಳ ಮುಂದೆ ಚೆಲ್ಲಿದರು: "ಹೋಗ. ಆ ಬಾಣದ ಮಾರಿ ಮ್ಯಾಲ ಮಾಡೇ ಬಾ." ಸುಣ್ಣ ಹಚ್ಚಿಸಿದ್ದು ದಂಡವಾಯಿತೆಂದು ಆಮೇಲೆ ಅರ್ಧ ತಾಸು ನನ್ನನ್ನೂ ಬೈದರು, ಅದನ್ನು ಅನುಭವಿಸಿದೆ.

ಅವಳು ಹೋದಳು. ಶನಿವಾರ ಕಲಬುರಗಿಯ ಮೈದಾನದಂಚಿನಲ್ಲಿ ನಾನು ಒಂದು ಮೂಲೆಗೆ, ನಿಂಬೆವ್ವನವರು, ನನ್ನ ಮೇಲಿನ ನಂಬಿಕೆ ಪೂರ್ತಿ ಮರಳದ್ದರಿಂದ, ಇನ್ನೊಂದು ಮೂಲೆಗೆ ಕುಳಿತಿದ್ದೆವು. ಪಂದ್ಯ ಸಮವಾಗಿ, ಒಬ್ಬೊಬ್ಬರೇ ಚೆಂಡು ತಂದು ಹೊಡೆಯುವ ಹೊತ್ತು ಬಂದಾಗ ಅವಳು ಐದರಲ್ಲಿ ನಾಲ್ಕನ್ನು ತಡೆದಳು, ಒಂದನ್ನಂತೂ ಹುಸೇನಪೀರ ಭರವಸೆ ಕೊಟ್ಟಿದ್ದ ಅದೇ ಮೊಣಕಾಲಿನಿಂದ. ಸಂಜೆ ಓದಿದ ತಂಡದ ಪಟ್ಟಿಯಲ್ಲಿ ಮೊದಲ ಹೆಸರೇ ಅವಳದು. ನಾನು ಕುಣಿಯುತ್ತ ಮೊಬೈಲು ತೆರೆದರೆ ತಾವು! ಕೆಂಪಗೆ, ಕೆಳಗೆ, ನಿಶ್ಚಿಂತರಾಗಿ! ಶಿಬಿರದ ಪಂದ್ಯಗಳನ್ನು ಪರಿಗಣಿಸಲಾಗುವುದಿಲ್ಲವಂತೆ. ಮೂರನೆಯ ಶನಿವಾರವಾದ್ದರಿಂದ ಭುವನೇಶ್ವರಿ ನನ್ನ ತಂಡದಿಂದ ಬಿಡುಗಡೆಯಾದಳು, ನಾನು ಊರು ಮುಟ್ಟುವಷ್ಟರಲ್ಲಿ ಬೀಗರು ಎತ್ತಿಕೊಂಡಿದ್ದರು.

ಸೈದಪ್ಪನವರು ಫೋನು ಮಾಡಿ, "ಬೀಗರ, ನಿಮ್ಮ ಹುಡುಗಿ ನಮ್ಮ ಮನಿಗಿ ಬಂದಾಳ, ಚಿಂತಿ ಬ್ಯಾಡ್ರಿ, ಚಲೋ ನೋಡ್ಕೋತೇವಿ" ಎಂದರು. ಮಗಳ ಮದುವೆಯ ದಿನವೂ ಇದನ್ನೇ ಅಂದಿದ್ದರು, ಹಾಗೆಯೇ ನಡೆದುಕೊಂಡಿದ್ದಾರೆ, ಸುಳ್ಳು ಹೇಳಬಾರದು. ಆದರೆ ಕೊಟ್ಟ ಹೆಣ್ಣನ್ನು ಮರಳಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಮಗಳನ್ನು ಕೊಟ್ಟ ಮನೆಗೆ ಗೋಲ್‌ಕೀಪರಳನ್ನೂ ಕೊಟ್ಟಂತಾಯಿತು.

ಆದ್ದರಿಂದ ಮಾನ್ಯರಲ್ಲಿ ಹಂಬಲ್ ರಿಕ್ವೆಸ್ಟ್ ಏನೆಂದರೆ, ತಾವು ಒಮ್ಮೆ ನಿಂಬರ್ಗಾಕ್ಕೆ ದಯಮಾಡಿಸಿ, ಎರೆಮಣ್ಣಿನ ಬಿರುಕಿನ ಮೇಲೆ ಒಂದೇ ಒಂದು ಚೆಂಡು ತಡೆದು ತೋರಿಸಬೇಕು; ಬಾರದ ಚೆಂಡಿಗೂ ಅರ್ಧ ಅಂಕ ಮಂಜೂರು ಮಾಡಬೇಕು; ಅಜ್ಜಿ ಮನೆಯಲ್ಲಿ ಕೂಡಿಸಿದ ವಾರಗಳಿಗೆ ಒಂದು ಅಡ್ಡ ಬಾಣವನ್ನು ನೇಮಿಸಬೇಕು; ಮತ್ತು ಹೆಣ್ಣಿನ ಕಡೆಯವರಿಂದ ಬಿಡುಗಡೆಯಾದ ಆಟಗಾರರನ್ನು ಗಂಡಿನ ಕಡೆಯವರು ಎತ್ತಿಕೊಳ್ಳದಂತೆ ಕಾನೂನು ತರಬೇಕು. ಇವಾವುವೂ ಆಗದಿದ್ದರೆ, ರಾಜ್ಯ ತಂಡದ ಅಂಗಿ ತೊಟ್ಟು ಅವಳು ಆಡುವ ದಿನ ತಾವು ಒಂದು ಗಳಿಗೆ ತಲೆಯೆತ್ತಿ ನೋಡಿದರೂ ಸಾಕು.

ತಮ್ಮ ತುದಿ ಮೇಲಾಗುವ ತನಕ ಕಾಯುವ,
ತಮ್ಮ ವಿಶ್ವಾಸಿ,
ವಿಶ್ವಾರಾಧ್ಯ, ಆಳಂದ

ತಾ.ಕ.: ನಿಂಬೆವ್ವನವರ ಅಪ್ಪಣೆಯ ಮೇರೆಗೆ ತಮ್ಮ ಮನೆತನದ ಬಗ್ಗೆಯೂ ಗಿರಣಿಯಲ್ಲಿ ವಿಚಾರಿಸಿದೆ. ಈ ಸಲ ಶಿವಗಂಗಾಳಂತೆ ಮೊದಲು ಜೋಳದ ದರ, ಆಮೇಲೆ ಎಣ್ಣೆ, ಆಮೇಲೆ ಎಮ್ಮೆ, ಕಡೆಗೆ ತಾವು. ಊರು ಗೊತ್ತಿಲ್ಲ, ಮೈದಾನ ಕಂಡಿಲ್ಲ, ಯಾವಾಗ ನೋಡಿದರೂ ನೆಲ ನೋಡುತ್ತಾರೆ ಎಂದು ವರದಿ ಬಂದಿದೆ. ಸಂಬಂಧ ಬೇಡವೆಂದು ತೀರ್ಮಾನಿಸಲಾಗಿದೆ.