ಮಂಗಳೂರಿಗೆ ಹೊರಟ ಮೊಸರುಬಾನ

ನಮ್ಮ ಮನೆತನದಲ್ಲಿ ಯಾವ ಶುಭಕಾರ್ಯವೂ ನೆಟ್ಟಗೆ ನಡೆದದ್ದಿಲ್ಲ. ನನ್ನ ಲಗ್ನದಲ್ಲಿ ತಾಳಿಯನ್ನು ಮನೆಯಲ್ಲೇ ಮರೆತು ಬೀಳಗಿಗೆ ಹೋಗಿದ್ದೆವು. ತಂಗಿಯ ಲಗ್ನದಲ್ಲಿ ತಾಳಿ ಇತ್ತು, ಲಗ್ನ ಮಾಡಿಸುವ ಅಯ್ಯನವರಿಗೆ ಹೇಳುವುದನ್ನು ಮರೆತಿದ್ದೆವು. ಹೀಗಾಗಿ ನಮ್ಮ ಮನೆಯಲ್ಲೇ ಬೆಳೆದ ತಂಗಿಯ ಮಗಳ ಲಗ್ನ ಒಂದು ಡಬ್ಬಿ ಮೊಸರುಬಾನಕ್ಕೆ, ಅಂದರೆ ಮೊಸರನ್ನಕ್ಕೆ, ತಡೆದು ನಿಂತಾಗ ಜಮಖಂಡಿಯ ನಮ್ಮ ಓಣಿಯವರು ನಕ್ಕರೇ ಹೊರತು ಯಾರೂ ಆಶ್ಚರ್ಯಪಡಲಿಲ್ಲ. ಓಡಾಟ ಮಾತ್ರ ನನ್ನ ಪಾಲಿಗೆ ಬಂತು. ಬನಹಟ್ಟಿಯಲ್ಲಿ ನನ್ನದೊಂದು ಸೀರೆ ಅಂಗಡಿ ಇದೆ. ಅಂಗಡಿಯಲ್ಲಿ ಸುಮ್ಮನೆ ಕೂತಿರುತ್ತೇನೆ ಎಂಬುದು ನಮ್ಮ ಮನೆಯವರೆಲ್ಲರ ನಂಬಿಕೆ.

ಅವ್ವನ ಅಳತೆ

ಹುಡುಗ ಬೀಳಗಿ ಕಡೆಯವನೇ. ಮಂಗಳೂರಿನ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಹುಡುಗಿಗೆ ಮನಸ್ಸು ಬಂದಿತ್ತು, ಜಾತಕ ಕೂಡಿತ್ತು, ಎರಡೂ ಮನೆಯವರು ಚಹಾ ಕುಡಿದಾಗಿತ್ತು. ಆಗ ನನ್ನ ಅವ್ವ, ಅಂದರೆ ಹುಡುಗಿಯ ಅಜ್ಜಿ, ಮೂಲೆಯಿಂದ ಒಂದು ಮಾತು ಕೇಳಿದಳು. ಇಲ್ಲಿ ಕಟ್ಟಿದ ಬುತ್ತಿ ಅಲ್ಲಿಗೆ ಹಳಸದೆ ಮುಟ್ಟುತ್ತದೋ ಇಲ್ಲವೋ?

ಅವ್ವ ಊರುಗಳ ದೂರವನ್ನು ಕಿಲೋಮೀಟರಿನಲ್ಲಿ ಅಳೆದವಳಲ್ಲ. ತವರಿನಿಂದ ಹಬ್ಬಕ್ಕೆ ಹೋಗುವ ಬುತ್ತಿಯಲ್ಲಿ ಮೊಸರುಬಾನ ಇರಲೇಬೇಕು, ಅದರ ರುಚಿಯೇ ಅವಳ ಅಳತೆ. ತೇರದಾಳದ ಮಗಳ ಮನೆಗೆ ಬಾನ ತಣ್ಣಗೆ ಮುಟ್ಟುತ್ತದೆ. ಮುಧೋಳದ ಮಗಳ ಮನೆಗೂ ಅಡ್ಡಿಯಿಲ್ಲ. ವಿಜಯಪುರದ ಮಗಳ ಮನೆಗೆ ಹೋಗುವಷ್ಟರಲ್ಲಿ ತುಸು ಹುಳಿಯಾಗುತ್ತದೆ, ಅವಳ ಸಂಸಾರವೂ ಹಾಗೇ ಇದೆ ಎಂದು ಅವ್ವ ಸಾಕ್ಷಿ ಕೊಟ್ಟಳು.

ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದರಾಯಿತು, ತಿಂಗಳಾದರೂ ಕೆಡುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ.

"ಅದು ಬುತ್ತಿ ಅಲ್ಲೋ, ರೇಶನ್," ಅಂದಳು ಅವ್ವ. "ಬಾನ ಹಳಸೂ ಊರಿಗೆ ನಾ ಹುಡುಗೀನ ಕೊಡೂದಿಲ್ಲ."

ಕೆಂಪು ಬಸ್ಸು

ಅವ್ವನ ಮಾತನ್ನು ದಾಟಿ ನಮ್ಮ ಮನೆಯಲ್ಲಿ ಬೆಕ್ಕು ಕೂಡ ಹೊಸಿಲು ದಾಟುವುದಿಲ್ಲ. ಹಾಗಾಗಿ ಪರೀಕ್ಷೆ ಮಾಡಿಯೇ ತೋರಿಸುವುದು ಎಂದಾಯಿತು. ಅವ್ವ ತಾನೇ ಬಾನ ಕಲಸಿ, ಎಣ್ಣೆಗಾಯಿ ಮಾಡಿ, ದೊಡ್ಡ ಡಬ್ಬಿಗೆ ತುಂಬಿ ಬಿಳಿ ಪಂಜೆಯಲ್ಲಿ ಗಂಟು ಕಟ್ಟಿದಳು. ನನ್ನ ಊಟಕ್ಕೆ ಸಣ್ಣ ಗಂಟು ಬೇರೆ. ನಾನು ಕೆಂಪು ಬಸ್ಸು ಹತ್ತಿದೆ.

ಲೋಕಾಪುರ ದಾಟಿದ ಮೇಲೆ ಹಸಿವಾಯಿತು. ಸಣ್ಣ ಗಂಟು ಬಿಚ್ಚಿದೆ. ಬುತ್ತಿ ಬಿಚ್ಚಿ ಒಬ್ಬನೇ ತಿನ್ನುವ ರೂಢಿ ನಮ್ಮ ಕಡೆ ಇಲ್ಲ. ಪಕ್ಕದವರಿಗೆ ಬರ್ರಿ ಅಂದೆ. ಅವರು ಒಲ್ಲೆ ಅನ್ನಬೇಕು, ನಾನು ಒತ್ತಾಯ ಮಾಡಬೇಕು, ಅವರು ಒಂದು ತುತ್ತು ತೆಗೆದುಕೊಳ್ಳಬೇಕು, ಅದು ಪದ್ಧತಿ. ಆದರೆ ಬಸ್ಸಿನ ತುಂಬ ಮಂಗಳೂರಿಗೆ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೊರಟ ನಮ್ಮ ಕಡೆಯ ಮಂದಿಯೇ ಇದ್ದರು. ಮನೆ ಬಿಟ್ಟ ದುಃಖದಲ್ಲಿದ್ದರು, ಒಲ್ಲೆ ಅನ್ನುವುದನ್ನು ಮರೆತರು. ಸಣ್ಣ ಗಂಟು ನೋಡನೋಡುತ್ತ ಮುಗಿಯಿತು. ಹಿಂದಿನ ಸೀಟಿನ ಮುದುಕರೊಬ್ಬರು ಕೈ ಚಾಚಿದವರು ಹಾಗೇ ಕೂತಿದ್ದರು. ಅವರ ಮುಖ ನೋಡಿ ದೊಡ್ಡ ಗಂಟಿಗೆ ಕೈ ಹಾಕಿದೆ.

ಮಂಗಳೂರಿನಲ್ಲಿ ಹುಡುಗ ಬಸ್‌ಸ್ಟ್ಯಾಂಡಿಗೆ ಬಂದು ಖಾಲಿ ಡಬ್ಬಿಯನ್ನು ಎರಡೂ ಕೈಯಿಂದ ಮರ್ಯಾದೆಯಾಗಿ ಇಸಿದುಕೊಂಡ. ನಾನು ತಿರುಗಿ ಬಂದಾಗ ಅವ್ವ ಬಾಗಿಲಲ್ಲೇ ಕೂತಿದ್ದಳು.

"ಹಳಸಿತ್ತೇನೋ?"

"ಇಲ್ಲವ್ವ, ಒಂದು ಅಗಳೂ ಹಳಸಿದ್ದಿಲ್ಲ."

"ಹುಡುಗ ಏನಂದ?"

"ಡಬ್ಬಿ ಛಲೋ ಐತಿ ಅಂದ."

ರೈಲು

ಎರಡನೆಯ ಸಲ ಬಾಗಲಕೋಟೆಗೆ ಹೋಗಿ ರೈಲು ಹಿಡಿದೆ. ರೈಲಿನಲ್ಲಿ ಗಾಳಿ ಆಡುತ್ತದೆ, ಬಾನ ಕೆಡುವುದಿಲ್ಲ ಎಂದು ಮುಧೋಳದ ಭಾವ ಖಾತ್ರಿ ಕೊಟ್ಟಿದ್ದ. ಈ ಸಲ ಯಾರೂ ಬಿಚ್ಚಬಾರದೆಂದು ಅವ್ವ ಡಬ್ಬಿಯ ಮುಚ್ಚಳವನ್ನು ಬಡಿದು ಬಡಿದು ಬಿಗಿ ಮಾಡಿದ್ದಳು. ನಾನು ಅದನ್ನು ಮೇಲಿನ ಬರ್ತಿನಲ್ಲಿಟ್ಟು, ಯಾರ ಮುಖವನ್ನೂ ನೋಡದೆ ಕಿಟಕಿಯ ಹೊರಗೆ ನೋಡುತ್ತ ಕೂತೆ.

ಬೇಸಿಗೆಯ ದಿನ. ಬಾನ ಬೆಳಗ್ಗೆ ಬಿಸಿಯಾಗಿಯೇ ಡಬ್ಬಿ ಸೇರಿತ್ತು. ಗದಗ ದಾಟುತ್ತಿದ್ದಂತೆ ಮೇಲಿನಿಂದ ಸುಂಯ್ ಎಂದು ಸದ್ದು ಬರತೊಡಗಿತು. ಎದುರಿನ ಹೆಣ್ಣುಮಗಳು ಯಾರದಿದು ಅಂದಳು. ನಾನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಯಾರೋ ಮುಟ್ಟಬ್ಯಾಡ್ರಿ ಅಂದರು, ಇನ್ಯಾರೋ ಚೈನು ಎಳೀರಿ ಅಂದರು. ಪೊಲೀಸರೊಬ್ಬರು ಬಂದು, ದೂರ ನಿಂತು, ಲಾಠಿಯ ತುದಿಯಿಂದ ಡಬ್ಬಿಯನ್ನು ಮೆಲ್ಲಗೆ ಒತ್ತಿದರು. ಮುಚ್ಚಳ ಢಬ್ ಎಂದು ಹಾರಿತು, ಅವರ ಟೋಪಿಯ ಮೇಲೆ ಬಾನ ಬಿತ್ತು. ಅವರು ಬೆರಳಲ್ಲಿ ತೆಗೆದು ಮೂಸಿ ನೋಡಿ, ಯಾರದಿದು ಎಂದು ತಾವೂ ಕೇಳಿದರು.

ಬೋಗಿಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಾನೂ ನೋಡಿದೆ. ಎಲ್ಲರಿಗಿಂತ ಜೋರಾಗಿ, ಎಂಥಾ ಮಂದಿ ಇರತಾರ್ರಿ ಅಂದವನು ನಾನೇ.

ವಿಮಾನ

ಇದಕ್ಕೆ ನಾನು ಮನೆ ಬಿಟ್ಟು ಹೊರಡಲೇ ಇಲ್ಲ. ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿ ಇನ್ನೊಂದು ವಿಮಾನ ಹತ್ತಿ ಮಂಗಳೂರಿಗೆ ಹೋಗಬೇಕು ಎಂದು ಅವ್ವನಿಗೆ ತಿಳಿಸಿ ಹೇಳಿದೆ. ಮುಧೋಳಕ್ಕೆ ಹೋಗಬೇಕಾದವನು ವಿಜಯಪುರಕ್ಕೆ ಯಾಕೆ ಹೋಗುತ್ತಾನೆ ಎಂದು ಕೇಳಿದಳು. ವಿಮಾನ ಹಾಗೇ ಹೋಗುತ್ತದೆ ಅಂದೆ.

"ಅದಕ್ಕ ದಾರಿನ ಗೊತ್ತಿಲ್ಲ," ಅಂದಳು ಅವ್ವ. "ಅದರಾಗ ನನ್ನ ಬಾನ ಯಾಕ ಇಡ್ಲಿ?"

ತಂಪು ಗಾಡಿ

ಇಷ್ಟರಲ್ಲಿ ಆರು ತಿಂಗಳು ಹೋದವು. ಹುಡುಗನ ಮನೆಯವರು, ಆಗುವುದಿದ್ದರೆ ಹೇಳಿ, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಕಳಿಸಿದರು. ಅಂದು ಸಂಜೆ ಹುಡುಗಿ ನನ್ನ ಅಂಗಡಿಗೆ ಬಂದಳು. ಸೀರೆ ನೋಡುವವಳಂತೆ ಒಂದನ್ನು ಬಿಚ್ಚಿದಳು, ಮಡಚಿದಳು, ಮತ್ತೆ ಬಿಚ್ಚಿದಳು.

"ಮಾಮಾ, ಒಂದು ಡಬ್ಬಿ ಬಾನಕ್ಕ ನನ್ನ ಲಗ್ನ ನಿಂತತೇನು?" ಅಂದಳು. ಕಣ್ಣು ತುಂಬಿದ್ದವು. ಅಲ್ಲಿಯವರೆಗೆ ಇದೆಲ್ಲ ನನಗೆ ತಮಾಷೆಯಾಗಿತ್ತು. ಅವತ್ತು ಅಂಗಡಿಯನ್ನು ಬೇಗನೇ ಮುಚ್ಚಿದೆ.

ದಾರಿ ಸಿಕ್ಕಿದ್ದು ಮರುದಿನ ಸಂತೆಯಲ್ಲಿ. ಕಡಲ ಕಡೆಯಿಂದ ಐಸಿನಲ್ಲಿ ಮೀನು ತರುವ ಗಾಡಿಯೊಂದು ಜಮಖಂಡಿಗೆ ಬಂದು ಹೋಗುತ್ತದೆ. ಮರಳಿ ಹೋಗುವಾಗ ಪೆಟ್ಟಿಗೆಗಳು ಖಾಲಿ, ಅಡಿಯಲ್ಲಿ ಐಸು ಮಾತ್ರ ಹಾಗೇ ಇರುತ್ತದೆ. ನಮ್ಮ ಮನೆಯಲ್ಲಿ ಮೀನು ಅಂದರೆ ಪಂಚಾಂಗದಲ್ಲಿರುವ ರಾಶಿ ಅಷ್ಟೇ. ಅವ್ವನಿಗೆ ತಂಪು ಗಾಡಿ ಎಂದಷ್ಟೇ ಹೇಳಿದೆ. ಡ್ರೈವರಿಗೆ ಕೈ ಮುಗಿದು, ಡಬ್ಬಿಯನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಐಸಿನಲ್ಲಿ ಹೂತು, ನಾನು ಮುಂದೆ ಕೂತೆ.

ಹುಡುಗನ ಮನೆಯಲ್ಲಿ ಮುಚ್ಚಳ ತೆಗೆದಾಗ ಬಾನ ಆಗಷ್ಟೇ ಕಲಸಿದ ಹಾಗಿತ್ತು. ವಾಸನೆ ಮಾತ್ರ, ಅದನ್ನು ಏನು ಹೇಳಲಿ, ಇಡೀ ಬಂದರೇ ಡಬ್ಬಿಯೊಳಗೆ ಬಂದು ಕೂತಿತ್ತು. ಮೊಬೈಲಿನಲ್ಲಿ ಅವ್ವನ ಮುಖ ಬಂತು. ನಾನು ಉಸಿರು ಬಿಗಿಹಿಡಿದು ಮೊಬೈಲನ್ನು ಹುಡುಗನ ಕಡೆ ತಿರುಗಿಸಿದೆ.

ಹುಡುಗ ಉಂಡ. ಒಂದು ತುತ್ತಲ್ಲ, ಡಬ್ಬಿ ಪೂರ್ತಿ. ಮುಖ ಕಿವುಚಲಿಲ್ಲ, ನೀರು ಕುಡಿಯಲಿಲ್ಲ, ಬೆರಳು ನೆಕ್ಕಿ ಛಲೋ ಐತಿ ಆಯಿ ಅಂದ. ಅವ್ವ ಬಹಳ ಹೊತ್ತು ಅವನ ಮುಖವನ್ನೇ ನೋಡಿ, ಲಗ್ನದ ದಿನ ಹಿಡೀರಿ ಅಂದಳು. ಹುಡುಗಿ ಒಳಗೆ ಓಡಿದ್ದು ಮೊಬೈಲಿನಲ್ಲೇ ಕಾಣಿಸಿತು. ಇಂಥ ಅಳಿಯ ಸಿಗಲು ಪುಣ್ಯ ಮಾಡಿರಬೇಕು ಎಂದು ನಾನು ಮೂಗು ಒರೆಸಿಕೊಂಡೆ.

ಅವ್ವನ ಪ್ರಯಾಣ

ಲಗ್ನ ಆಯಿತು. ತಾಳಿಯೂ ಇತ್ತು, ಅಯ್ಯನವರೂ ಇದ್ದರು. ನಾಗರ ಪಂಚಮಿ ಬಂತು. ಮೊಮ್ಮಗಳಿಗೆ ಶೇಂಗಾ, ಎಳ್ಳಿನ ಉಂಡಿಯ ಬುತ್ತಿ ತಾನೇ ಒಯ್ಯುತ್ತೇನೆಂದು ಅವ್ವ ಎದ್ದಳು. ನಾನು ಬಸ್ಸು ಅಂದೆ, ರೈಲು ಅಂದೆ, ಕಡೆಗೆ ವಿಮಾನವನ್ನೂ ಅಂದೆ.

"ಬಾನ ಕೆಡಲಾರದ ಹ್ವಾದ ಗಾಡ್ಯಾಗ ನಾ ಕೆಡತೇನೇನು?" ಅಂದಳು. "ಆ ತಂಪು ಗಾಡಿಗೇ ಹೇಳು."

ಗಾಡಿ ಬಂತು. ಡ್ರೈವರು ಬಾಗಿಲು ತೆರೆದ. ಅವ್ವ ಒಂದು ಕಾಲು ಮೇಲಿಟ್ಟವಳು ನಿಂತಳು. ನನ್ನನ್ನು ನೋಡಿದಳು. ಸೆರಗು ಮೂಗಿಗೆ ಹೋಯಿತು. ಬಯ್ಯುತ್ತಾಳೆಂದು ಕಾದೆ, ಬಯ್ಯಲಿಲ್ಲ. ಹತ್ತಿ ಕೂತವಳು ಸೆರಗು ತೆಗೆಯದೆ ಸಮುದ್ರದವರೆಗೆ ಬಂದಳು. ಅವ್ವ ಬಯ್ಯದೆ ಇದ್ದದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಮನೆ ಮುಟ್ಟಿದ ಕೂಡಲೇ ಅಳಿಯನನ್ನು ಕರೆದು ಎದುರು ಕೂಡಿಸಿಕೊಂಡಳು.

"ಇಂಥಾ ವಾಸನ್ಯಾಗ ಬಂದ ಬಾನ ನೀ ಮುಖ ಕಿವುಚದ ಉಂಡ್ಯಪಾ. ನನ್ನ ಮೊಮ್ಮಗಳ ಸಲುವಾಗಿ ಉಂಡಿ. ನೀ ಆಕೀನ ಎಲ್ಲಿದ್ರೂ ಛಲೋ ನೋಡಕೋತಿ."

ಅಳಿಯ ಹೆಂಡತಿಯ ಮುಖ ನೋಡಿದ, ನನ್ನ ಮುಖ ನೋಡಿದ.

"ವಾಸನಿ ಇತ್ತೇನ್ರಿ ಆಯಿ? ಬಂದರಕ್ಕ ಬಂದ ಮ್ಯಾಲೆ ನನ್ನ ಮೂಗ ಹೋಗೇತ್ರಿ. ವಾಸನಿ ಇಲ್ಲ, ರುಚೀನೂ ಅಷ್ಟಕ್ಕಷ್ಟ."

"ಖರೆ ಆಯಿ," ಅಂದಳು ಹುಡುಗಿ ಒಳಗಿನಿಂದ. "ಒಗ್ಗರಣಿ ಸೀದರೂ ಇವರಿಗೆ ಗೊತ್ತಾಗೂದಿಲ್ಲ. ಅದಕ್ಕ ನಾ ಸುಖದಾಗ ಅದೇನಿ."

ಅವ್ವ ಉಂಡಿಯ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡಳು. ನನ್ನ ಕಡೆ ತಿರುಗಿದಳು.

"ಹಂಗಾರ ಬಾನ ಹಳಸಿದ್ರೂ ಇಂವಗ ತಿಳೀತಿದ್ದಿಲ್ಲ."

"ಇಲ್ಲವ್ವ," ಅಂದೆ.

"ಮತ್ತ ಹಳಸಿದ್ದ ಒಂದು ಡಬ್ಬಿ ತಂದು ಕೊಟ್ಟಿದ್ದರ ಆರು ತಿಂಗಳ ಮೊದಲ ಲಗ್ನ ಆಗತಿತ್ತಲ್ಲೋ. ಒಳ್ಳೇ ಬಾನ ಬಸ್ಸಿನಾಗ ಹಂಚಿ ಬಂದಿ."