ಫ್ರಿಜ್ಜಿನೊಳಗಿನ ದೀಪ

ಮನೆಯಲ್ಲಿ ಏಳುವ ಯಾವ ಪ್ರಶ್ನೆಯೂ ತರ್ಕದ ಮುಂದೆ ನಿಲ್ಲಲಾರದು ಎಂದು ಆ ರಜೆಯ ಬೆಳಿಗ್ಗೆ ಅಳಿಯ ಅತ್ತೆಯೆದುರು ಸಾರಿದ. ಅವನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ. ರಜೆಯ ದಿನ ಪರೀಕ್ಷೆಗೆ ಮನೆಯವರೇ ಸಿಗುತ್ತಿದ್ದರು.

ಅತ್ತೆ ಹಾಲಿನ ಜಗ್ಗು ಒಳಗಿಟ್ಟು ಫ್ರಿಜ್ಜಿನ ಬಾಗಿಲು ಹಾಕಿದರು. "ಹಾಗಾದ್ರೆ ಇದನ್ನ ಹೇಳಿ ಅಳಿಯಂದಿರೇ. ಬಾಗಿಲು ಹಾಕಿದ ಮೇಲೆ ಒಳಗಿನ ದೀಪ ಆರುತ್ತೋ, ಸುಮ್ನೆ ಉರೀತಾ ಇರುತ್ತೋ?"

"ಆರುತ್ತೆ."

"ನೋಡಿದೀರಾ?"

ಅಳಿಯ ಫ್ರಿಜ್ಜಿನ ಹಿಡಿಗೆ ಕೈ ಹಾಕಿ ತಡೆದ. ನೋಡಬೇಕಾದರೆ ಬಾಗಿಲು ತೆರೆಯಬೇಕು. ತೆರೆದರೆ ದೀಪ ಉರಿಯುತ್ತದೆ. ಆಹಾ, ಎಂಥ ಸೊಗಸಾದ ಸಮಸ್ಯೆ! ತನ್ನ ಫೋನು ಚಾರ್ಜಿಗಿತ್ತು. ಅಲ್ಲೇ ಮೇಜಿನ ಮೇಲಿದ್ದ ಹೆಂಡತಿಯ ಫೋನಿನಲ್ಲಿ ವಿಡಿಯೋ ಹಚ್ಚಿ, ಅದನ್ನು ಜಗ್ಗಿಗೆ ಒರಗಿಸಿ ಬಾಗಿಲು ಮುಚ್ಚಿದ.

"ಎರಡೇ ನಿಮಿಷ. ಅಷ್ಟರಲ್ಲಿ ನೋಡೋದು ಅಂದ್ರೇನು ಅಂತ ವಿಚಾರ ಮಾಡೋಣ ಅತ್ತೆ."

ಕಣ್ಣನ್ನು ನಂಬಬಹುದೇ? ಯಾರೂ ಕಾಣದ ದೀಪ ದೀಪವೇ? ಅತ್ತೆ ಕುರ್ಚಿಯಲ್ಲೇ ತೂಕಡಿಸತೊಡಗಿದರು. ವಿಚಾರದ ಭರದಲ್ಲಿ ಅಳಿಯನಿಗೆ ಅದೂ ಕಾಣಲಿಲ್ಲ, ಫೋನಿನ ನೆನಪೂ ಉಳಿಯಲಿಲ್ಲ.

ಸ್ನಾನ ಮುಗಿಸಿ ಹೆಂಡತಿ ಬಂದಳು. "ರೀ, ನನ್ನ ಫೋನೆಲ್ಲಿ? ಕೆಲಸಕ್ಕೆ ಅರ್ಜಿ ಹಾಕಿದ್ನಲ್ಲ, ಆ ಪ್ರಿಂಟಿಂಗ್ ಪ್ರೆಸ್ಸಿನವರು ಈಗ ಫೋನ್ ಮಾಡ್ತಾರೆ. ಎತ್ತದಿದ್ರೆ ಆ ಕೆಲಸ ಬೇರೆಯವರಿಗೆ ಅಂದಿದಾರೆ."

"ಗಾಬರಿ ಬೇಡ. ಫೋನಿಗೆ ಕಾಲಿಲ್ಲ, ಅಂದ್ಮೇಲೆ ಯಾರೋ ಒಯ್ದಿದಾರೆ. ನಾನು ಇಲ್ಲಿಂದ ಕದಲಿಲ್ಲ. ನಿಮ್ಮಮ್ಮ ನಿದ್ದೇಲಿದಾರೆ. ಉಳಿದವಳು ನೀನೇ. ಬಚ್ಚಲಲ್ಲಿ ನೋಡು."

ಬಚ್ಚಲು, ಹಾಸಿಗೆ, ಬಟ್ಟೆಯ ಬುಟ್ಟಿ ಎಲ್ಲ ತಲೆಕೆಳಗಾದವು.

"ನಿಮ್ಮ ಫೋನಿಂದಾದ್ರೂ ಮಾಡ್ರೀ!"

"ಮಾಡಿದ್ರೆ ನಿನ್ನ ಲೈನು ಬಿಜಿ ಆಗುತ್ತೆ. ಅದೇ ಹೊತ್ತಿಗೆ ಅವರು ಮಾಡಿದ್ರೆ?"

ಆಗ ಎಲ್ಲಿಂದಲೋ ಸಣ್ಣಗೆ ಟ್ರಿಣ್ ಟ್ರಿಣ್ ಕೇಳಿಸಿತು, ಜೊತೆಗೆ ಏನೋ ಗಡಗಡ ಅಂದಿತು.

"ಮೇಲಿನ ಮನೇದು," ಎಂದ ಅಳಿಯ.

"ಮೇಲಿನ ಮನೆಯವರ ಫೋನಿಗೆ ನಮ್ಮ ಫ್ರಿಜ್ಜಲ್ಲಿ ಮೊಟ್ಟೆ ಯಾಕ್ರೀ ಅಲ್ಲಾಡ್ಬೇಕು?"

ಹೆಂಡತಿ ಉತ್ತರಕ್ಕೆ ಕಾಯದೆ ಬಾಗಿಲೆಳೆದಳು. ದೀಪ ಝಗ್ಗನೆ ಹತ್ತಿತು. ಅಳಿಯನಿಗೂ ಆಗಲೇ ಎಲ್ಲ ಬೆಳಕಾಯಿತು.

"ಹಲೋ, ಹೌದು, ನಾನೇ. ಛೇ, ಭಯ ಏನಿಲ್ಲ, ಫೋನು ತಣ್ಣಗಿದೆ, ಅದಕ್ಕೆ ದನಿ ನಡುಗ್ತಿದೆ. ನಾಳೆಯಿಂದಾನೇ ಬರ್ತೀನಿ."

ಆ ಗದ್ದಲಕ್ಕೆ ಅತ್ತೆಗೂ ಎಚ್ಚರವಾಯಿತು. ಮೂವರೂ ಕೂತು ವಿಡಿಯೋ ನೋಡಿದರು. ಬಾಗಿಲು ಮುಚ್ಚಿದ್ದೇ ತಡ, ಕಗ್ಗತ್ತಲೆ. "ನೋಡಿದ್ರಾ, ಆರಿತು!" ಎಂದು ಅಳಿಯ ಎದ್ದುನಿಂತ. ಆದರೆ ವಿಡಿಯೋ ನಿಲ್ಲಲಿಲ್ಲ. ಆ ಕತ್ತಲೊಳಗಿಂದ ಅವನದೇ ದನಿ ವಿಚಾರ ಮಾಡುತ್ತ ಮಾಡುತ್ತ ಕೊನೆಗೆ, "ಉಳಿದವಳು ನೀನೇ. ಬಚ್ಚಲಲ್ಲಿ ನೋಡು," ಎಂದಿತು.

ಹೆಂಡತಿ ಆ ತಣ್ಣನೆಯ ಫೋನನ್ನು ಅವನ ಕೈಗಿಟ್ಟಳು. ಅಳಿಯ ಮೆಲ್ಲಗೆ ಕೂತ.

"ದೀಪ ಆರುತ್ತೆ, ಒಪ್ಕೊಂಡೆ ಅಳಿಯಂದಿರೇ," ಎಂದರು ಅತ್ತೆ. "ಬಾಗಿಲು ಹಾಕಿದ್ರೂ ನಿಲ್ಲದೇ ಇರೋದು ನೀವೊಬ್ರೇ."